ಮಾತ್ರೆಯೊಳಗಿನ ಹಾಲು

ಡಿಪೋದಲ್ಲಿ ಅವಳನ್ನು ಎಲ್ಲರೂ ಬೆಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಬಸ್ಸು ನಿಲ್ಲಿಸುತ್ತಿದ್ದ ರೀತಿಗೆ ಬಂದ ಹೆಸರು ಅದು. ಬೇರೆ ಡ್ರೈವರುಗಳು ಬ್ರೇಕು ಹಾಕಿದರೆ ನಿಂತವರು ಕೂತವರ ಮಡಿಲಿಗೆ ಬಂದು ಬೀಳುತ್ತಿದ್ದರು. ಇವಳು ಹಾಕಿದರೆ ಬಸ್ಸು ನಿಂತದ್ದೇ ಗೊತ್ತಾಗುತ್ತಿರಲಿಲ್ಲ, ಬಾಗಿಲು ತೆರೆದುಕೊಂಡ ಮೇಲೆ ಜನ ಕತ್ತೆತ್ತಿ ನೋಡುತ್ತಿದ್ದರು. ಹೆಸರೇನೋ ಬೆಣ್ಣೆ, ಆದರೆ ಹಾಲಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಚಿಕ್ಕಂದಿನಿಂದಲೂ ಒಂದು ಲೋಟ ಹಾಲು ಕುಡಿದರೆ ಸಾಕು, ಹೊಟ್ಟೆ ಗುಡುಗುಡು ಎಂದು ಶುರುವಾಗುತ್ತಿತ್ತು. ಕಾಫಿಯನ್ನು ಕಪ್ಪಗೇ ಕುಡಿಯುತ್ತಿದ್ದಳು. ಯಾರಾದರೂ ಸ್ವಲ್ಪ ಹಾಲು ಹಾಕಿಕೋ ಎಂದು ಬಲವಂತ ಮಾಡಿದರೆ, "ನಾಳೆ ನನ್ನ ಬಸ್ಸಲ್ಲಿ ಕೂರೋರು ನೀವೇ ಅಲ್ವಾ, ಯೋಚನೆ ಮಾಡಿ" ಎನ್ನುತ್ತಿದ್ದಳು.

ಕೇಳಿದವರು ನಗುತ್ತಿದ್ದರು, ಆದರೆ ಆ ಮಾತಿನಲ್ಲಿ ತಮಾಷೆ ಕಡಿಮೆ. ಅವಳ ರೂಟು ರೈಲು ನಿಲ್ದಾಣದಿಂದ ಊರಾಚೆಯ ದೊಡ್ಡ ಆಸ್ಪತ್ರೆಯವರೆಗೆ. ನಡುವೆ ಡ್ರೈವರು ಎಲ್ಲೂ ಇಳಿಯುವ ಹಾಗಿಲ್ಲ, ಇಳಿದರೂ ಹೋಗಲು ಜಾಗವಿಲ್ಲ. ಗಂಡಸಾದರೆ ಯಾವುದಾದರೂ ಗೋಡೆ ಹುಡುಕಿಕೊಂಡಾನು, ಹೆಂಗಸು ಏನು ಮಾಡಬೇಕು? ಹಾಗಾಗಿ ಸ್ಟೇರಿಂಗು ಹಿಡಿದ ಹೊಸದರಲ್ಲಿ ಅವಳು ಗೇರಿಗಿಂತ ಮೊದಲು ಕಲಿತದ್ದು ಬಾಯಾರಿಕೆ ತಡೆದುಕೊಳ್ಳುವುದನ್ನು. ಡ್ಯೂಟಿ ಇದ್ದ ದಿನ ನೀರು ಗುಟುಕು ಗುಟುಕಾಗಿ, ರಜೆಯ ದಿನ ಹೊಟ್ಟೆ ತುಂಬ. ಡಿಪೋದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮೈಯನ್ನು ಡ್ಯೂಟಿಗೆ ತಕ್ಕಂತೆ ಬಗ್ಗಿಸಿಕೊಳ್ಳುವುದು ಅಲ್ಲಿಯ ಮೊದಲ ಪಾಠ, ಅದನ್ನು ಯಾರೂ ತಪ್ಪೆಂದು ತಿಳಿದವರಲ್ಲ.

ನಲವತ್ತರ ಹೊತ್ತಿಗೆ ಅವಳ ಗಂಟಲಿನ ಥೈರಾಯ್ಡ್ ಗ್ರಂಥಿ ಕೈಕೊಟ್ಟಿತು. ಮೈ ಭಾರ, ಚಳಿ, ಎಷ್ಟು ಮಲಗಿದರೂ ಸಾಲದ ನಿದ್ದೆ. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಅರ್ಧ ಗಂಟೆ ಬೇರೇನೂ ಬಾಯಿಗೆ ಹಾಕಬಾರದು, ಜೀವನಪೂರ್ತಿ ಬಿಡಬಾರದು. ಅವಳು ಬಿಡಲಿಲ್ಲ. ವರ್ಷಗಟ್ಟಲೆ ಹಲ್ಲುಜ್ಜಿದಷ್ಟೇ ಸಹಜವಾಗಿ ನುಂಗಿದಳು. ಗಂಡ ಮನೆಯ ಮುಂದಿನ ಕೋಣೆಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಕೆಲಸದವನು, ಸಾಮಾನು ತರಲು ಪೇಟೆಗೆ ಹೋದಾಗ ಮಾತ್ರೆಯನ್ನೂ ತರುತ್ತಿದ್ದ. ಒಂದು ಸಲ ಬೇರೆ ಡಬ್ಬಿ ತಂದ.

"ಆ ಕಂಪನಿದು ಬರ್ತಾ ಇಲ್ವಂತೆ. ಇದೂ ಅದೇ ಮದ್ದಂತೆ, ಅದೇ ಪವರ್ರಂತೆ," ಎಂದ. "ಡಬ್ಬಿ ಮಾತ್ರ ಅದಕ್ಕಿಂತ ಚೆನ್ನಾಗಿದೆ."

ಹೊಸ ಡಬ್ಬಿ ತೆರೆದ ವಾರದಲ್ಲೇ ಹೊಟ್ಟೆ ಉಬ್ಬರಿಸತೊಡಗಿತು. ಬೆಳಗಿನ ಎರಡನೇ ಟ್ರಿಪ್ಪಿನ ಹೊತ್ತಿಗೆ ಕರುಳು ಹಿಂಡಿದಂತಾಗುತ್ತಿತ್ತು. ಮೊದಲು ಡಿಪೋದ ಕ್ಯಾಂಟೀನನ್ನು ಬೈದಳು. ಕ್ಯಾಂಟೀನು ಬಿಟ್ಟು ಮನೆಯಿಂದ ಬುತ್ತಿ ತಂದಳು. ಆಮೇಲೆ ಬುತ್ತಿ ಕಟ್ಟಿಕೊಟ್ಟ ಗಂಡನನ್ನು ಬೈದಳು. ಅವನು ಎಣ್ಣೆ ಬಿಟ್ಟ, ಖಾರ ಬಿಟ್ಟ, ಕೊನೆಗೆ "ಇನ್ನು ಬಿಡೋಕೆ ಉಳಿದಿರೋದು ಅಡುಗೆ ಮಾಡೋದನ್ನೇ" ಎಂದ. ಹೊಟ್ಟೆ ಮಾತ್ರ ತನ್ನ ಹಟ ಬಿಡಲಿಲ್ಲ.

ಒಂದು ದಿನ ತುಂಬಿದ ಬಸ್ಸನ್ನು ಪೆಟ್ರೋಲ್ ಬಂಕಿನ ಎದುರು ನಿಲ್ಲಿಸಿ, "ಎರಡೇ ನಿಮಿಷ" ಎಂದು ಓಡಿದಳು. ವಾಪಸ್ಸು ಬಂದಾಗ ಯಾರೋ ಹಿಂದಿನಿಂದ, "ಏನಕ್ಕಾ, ಟ್ಯಾಂಕು ಖಾಲಿ ಆಯ್ತಾ, ತುಂಬಿಸ್ಕೊಂಡ್ಯಾ?" ಎಂದರು. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು, ಆದರೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಮುಂದಿನ ಸಲ ಹಾಗೆ ನಿಲ್ಲಿಸಿದಾಗ ಯಾರೂ ನಗಲಿಲ್ಲ. ಅದರ ಮುಂದಿನ ಸಲ ಡಿಪೋಗೆ ದೂರು ಹೋಯಿತು.

ಮ್ಯಾನೇಜರು ಕರೆಸಿದರು. "ರೂಟಲ್ಲಿ ಇಲ್ಲದ ಸ್ಟಾಪು ಮಾಡ್ತಿದ್ದೀಯಂತೆ. ಮೈಗೆ ಹುಷಾರಿಲ್ಲ ಅಂದ್ರೆ ಹೇಳಮ್ಮ, ಕೌಂಟರಲ್ಲಿ ಕೂರಿಸ್ತೀನಿ. ಬಸ್ಸು ಓಡ್ಸೋಳಾದ್ರೆ ಬಸ್ಸು ನಿಲ್ಲಬಾರದು."

ಕೌಂಟರು ಎಂದರೆ ಅವಳಿಗೆ ಜೈಲು. ಇಷ್ಟು ದೊಡ್ಡ ಗಾಡಿ ತನ್ನ ಬೆರಳ ಮಾತು ಕೇಳುತ್ತದೆ ಎನ್ನುವುದು ಅವಳ ಬದುಕಿನ ದೊಡ್ಡ ಸಂತೋಷವಾಗಿತ್ತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ, ಆದರೆ ಅದಿಲ್ಲದೆ ತಾನು ಏನು ಎಂದು ಯೋಚಿಸಲೂ ಅವಳಿಗೆ ಭಯವಾಗುತ್ತಿತ್ತು.

ಒಂದು ಬೆಳಗ್ಗೆ ಎದ್ದದ್ದು ತಡವಾಗಿ, ಗಡಿಬಿಡಿಯಲ್ಲಿ ಮಾತ್ರೆ ಮರೆತಳು. ಅವತ್ತು ಹೊಟ್ಟೆ ತಣ್ಣಗಿತ್ತು. ಬೇಕೆಂದೇ ಇನ್ನೊಂದು ದಿನ ಬಿಟ್ಟು ನೋಡಿದಳು, ಮತ್ತೆ ತಣ್ಣಗಿತ್ತು. ನುಂಗಿದಳು, ಗುಡುಗುಡು. ಇನ್ನು ಅನುಮಾನ ಉಳಿಯಲಿಲ್ಲ. ಡಾಕ್ಟರ ಹತ್ತಿರ ಹೋದಳು.

"ಹೊಸ ಮಾತ್ರೆ ನಂಗೆ ಒಗ್ತಾ ಇಲ್ಲ ಡಾಕ್ಟ್ರೇ."

"ಅದು ಹೇಗಾಗುತ್ತೆ? ಎರಡರಲ್ಲೂ ಮದ್ದು ಒಂದೇ," ಎಂದರು ಡಾಕ್ಟರು, ಬರೆಯುವುದನ್ನು ನಿಲ್ಲಿಸದೆ. "ಡ್ರೈವರ್ ಕೆಲಸ. ಟೆನ್ಷನ್ನು, ಹೊತ್ತುಹೊತ್ತಿಗೆ ಊಟ ಇಲ್ಲ. ಗ್ಯಾಸು ಅಷ್ಟೆ."

ಡಾಕ್ಟರು ಕೆಟ್ಟವರಲ್ಲ. ಹೊರಗೆ ಬೆಂಚಿನ ತುಂಬ ಜನ ಕೆಮ್ಮುತ್ತ ಕೂತಿದ್ದರು. ಆದರೂ ಗ್ಯಾಸು ಎನ್ನುವ ಪದ ಕಂಡುಹಿಡಿದ ಪುಣ್ಯಾತ್ಮನಿಗೆ ಲೋಕದ ಡಾಕ್ಟರುಗಳೆಲ್ಲ ಸೇರಿ ಒಂದು ಸನ್ಮಾನ ಮಾಡಬೇಕು, ಅವರ ಎಷ್ಟು ಹೊತ್ತು ಉಳಿಸಿದ್ದಾನೆ! ಅವಳು ಗ್ಯಾಸಿನ ಮಾತ್ರೆ ತೆಗೆದುಕೊಂಡು ಬಂದಳು. ಅದರಿಂದ ಏನೂ ಆಗಲಿಲ್ಲ.

ಆಗ ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದಳು. ನೀರಿಗೆ ಮಾಡಿದ್ದನ್ನೇ ಮಾತ್ರೆಗೂ ಮಾಡಿದಳು. ಡ್ಯೂಟಿ ದಿನ ಇಲ್ಲ, ರಜೆಯ ದಿನ ಮಾತ್ರ. ಡಿಪೋದಲ್ಲಿ ಯಾರನ್ನು ಕೇಳಿದ್ದರೂ ಸರಿಯಾಗೇ ಇದೆ ಎನ್ನುತ್ತಿದ್ದರೇನೋ. ಅವಳು ಯಾರನ್ನೂ ಕೇಳಲಿಲ್ಲ.

ಮೊದಮೊದಲು ಸ್ವರ್ಗ. ಬಸ್ಸು ಎಲ್ಲೂ ನಿಲ್ಲಲಿಲ್ಲ, ದೂರು ಬರಲಿಲ್ಲ, ಗಂಡನ ಅಡುಗೆಗೆ ಖಾರ ವಾಪಸ್ಸು ಬಂತು. ಹೋಗುತ್ತ ಹೋಗುತ್ತ ಚಳಿ ಶುರುವಾಯಿತು. ಎಲ್ಲರೂ ಬೀಸಿಕೊಳ್ಳುತ್ತಿದ್ದರೆ ಇವಳು ಸ್ವೆಟರು ಹಾಕಿಕೊಂಡು ಕೂರುತ್ತಿದ್ದಳು. ದನಿ ಒಡೆಯಿತು, ಬೆಳಗ್ಗೆ ಎದ್ದರೆ ರೆಪ್ಪೆ ಊದಿರುತ್ತಿತ್ತು, ಬಾಚಣಿಗೆಯ ತುಂಬ ಕೂದಲು.

"ಫ್ಯಾನಿಗೆ ನಿವೃತ್ತಿ ಕೊಟ್ಟುಬಿಟ್ಟೆಯಲ್ಲೇ," ಎಂದು ಗಂಡ ಕಾಲೆಳೆದ. ಆಮೇಲೆ ಅವಳ ಮುಖ ದಿಟ್ಟಿಸಿ ನೋಡಿ, "ಮಾತ್ರೆ ತಗೊಳ್ತಿದ್ದೀಯ ತಾನೆ?" ಎಂದು ಕೇಳಿದ.

"ತಗೊಳ್ದೆ ಇರ್ತೀನಾ?" ಎಂದಳು.

ಅಲ್ಲಿಯವರೆಗೆ ಸುಮ್ಮನಿದ್ದದ್ದು ಬೇರೆ, ಇದು ಸುಳ್ಳು. ಗಂಡನ ಮುಖ ನೋಡಲಾಗದೆ ಒಳಗೆ ಹೋದಳು. ಮೈಗೆ ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದರೆ ನಂಬಬೇಡಿ, ಚೆನ್ನಾಗಿ ಗೊತ್ತಿತ್ತು. ಹಿಂದೆ ಒಮ್ಮೆ ಅನುಭವಿಸಿದ್ದಳಲ್ಲ. ಆದರೆ ನಿದ್ದೆ ಬಂದರೆ ಮುಖಕ್ಕೆ ನೀರು ಹಾಕಿಕೊಳ್ಳಬಹುದು, ಹೊಟ್ಟೆ ಕೆಟ್ಟರೆ ಏನು ಹಾಕಿಕೊಳ್ಳುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ರೂಟಿನಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯಿದೆ. ಅಲ್ಲಿನ ಹೊಲಿಗೆ ಟೀಚರು ಶಾಲೆ ಬಿಟ್ಟ ಮೇಲೆ ದಿನಾ ಇವಳ ಬಸ್ಸನ್ನೇ ಹತ್ತುತ್ತಿದ್ದರು. ಬಟ್ಟೆಯ ತುಂಡುಗಳು ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಡ್ರೈವರಿನ ಬೆನ್ನಿಗಿರುವ ಸೀಟಿನಲ್ಲೇ ಕೂರುತ್ತಿದ್ದರು. ಬೇರೆ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ನಿಮ್ಮದರಲ್ಲಿ ಆಗುತ್ತದೆ ಎಂದು ಒಮ್ಮೆ ಹೇಳಿದ್ದರು. ಬೆಣ್ಣೆಯಕ್ಕನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೊಟ್ಟಿರಲಿಲ್ಲ.

ಆ ದಿನವೂ ಟೀಚರು ಹತ್ತಿದರು. ಸ್ಟಾಪು ಬಿಟ್ಟ ಕೂಡಲೇ ಸಿಗ್ನಲ್ಲು, ಶಾಲೆಯ ಮಕ್ಕಳು ರಸ್ತೆ ದಾಟಲೆಂದೇ ಇಟ್ಟದ್ದು. ಕೆಂಪು ಬಿತ್ತು. ಅವಳು ಎಂದಿನಂತೆ ನಯವಾಗಿ ನಿಲ್ಲಿಸಿದಳು.

ಆಮೇಲೆ ಅವಳಿಗೆ ಗೊತ್ತಾದದ್ದು ಹೆಗಲ ಮೇಲೆ ಒಂದು ಕೈ. ಹಿಂದಿನಿಂದ ಹಾರನ್ನುಗಳು ಕಿರುಚುತ್ತಿದ್ದವು. ಕೈ ಟೀಚರದು. ದೀಪ ಹಸಿರಾಗಿ, ಮತ್ತೆ ಕೆಂಪಾಗಿತ್ತು. ಗಾಜಿನ ಆಚೆ, ಬಸ್ಸಿನ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಹುಡುಗಿಯರು ಸಾಲಾಗಿ ರಸ್ತೆ ದಾಟುತ್ತಿದ್ದರು. ಒಬ್ಬಳು ನೀರಿನ ಬಾಟಲಿಯನ್ನು ಗಿರಗಿರ ತಿರುಗಿಸುತ್ತ ಹೋಗುತ್ತಿದ್ದಳು. ಬೆಣ್ಣೆಯಕ್ಕ ತನ್ನ ಕಾಲನ್ನು ನೋಡಿಕೊಂಡಳು. ಅದು ಬ್ರೇಕಿನ ಮೇಲೇ ಇತ್ತು. ಅದು ಅಲ್ಲಿದ್ದದ್ದು ಬರೀ ಅದೃಷ್ಟ, ಅವಳ ಜಾಣತನ ಅದರಲ್ಲಿ ಏನೇನೂ ಇರಲಿಲ್ಲ.

ಟೀಚರು ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು: "ತುಂಬ ಸುಸ್ತಾಗಿದೆ ನಿಮಗೆ. ನಾನು ಯಾರಿಗೂ ಹೇಳಲ್ಲ. ನಿಧಾನವಾಗಿ ಹೋಗಿ."

ಹಸಿರು ಬಿತ್ತು. ಅವಳು ಸಿಗ್ನಲ್ಲು ದಾಟಿ, ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಬಾಗಿಲುಗಳನ್ನೆಲ್ಲ ತೆರೆದಳು. "ಈ ಬಸ್ಸು ಮುಂದೆ ಹೋಗಲ್ಲ. ಎಲ್ರೂ ಹಿಂದೆ ಬರೋ ಬಸ್ಸು ಹತ್ಕೊಳ್ಳಿ." ಜನ ಗೊಣಗುತ್ತ ಇಳಿದರು. ಇವಳದು ದಿನಾ ಇದೇ ಗೋಳು ಎಂದರು ಯಾರೋ. ಅವಳು ಡಿಪೋಗೆ ಫೋನು ಮಾಡಿದಳು.

"ಬಸ್ಸಿಗೇನಾಯ್ತು?" ಎಂದರು ಮ್ಯಾನೇಜರು.

"ಬಸ್ಸು ಚೆನ್ನಾಗಿದೆ ಸರ್. ನಾನು ಸರಿ ಇಲ್ಲ. ಸಿಗ್ನಲ್ಲಲ್ಲಿ ನಿದ್ದೆ ಹೋಗ್ಬಿಟ್ಟೆ."

ಮ್ಯಾನೇಜರು ಗದರುವ ಬಾಯಿಯವರಾದರೂ ಮನಸ್ಸು ಮೆತ್ತಗೆ. "ಕಣ್ಣು ಕತ್ತಲೆ ಬಂತು ಅಂತ ಹೇಳ್ತಿದ್ದೀಯೋ, ನಿದ್ದೆ ಹೋದೆ ಅಂತ ಹೇಳ್ತಿದ್ದೀಯೋ? ಯೋಚನೆ ಮಾಡಿ ಹೇಳಮ್ಮ. ನಿದ್ದೆ ಅಂದ್ರೆ ನಾನು ನಿನ್ನ ಸ್ಟೇರಿಂಗಿಂದ ಇಳಿಸ್ಲೇಬೇಕು."

ಹುಡುಗಿಯರ ಸಾಲು ಇನ್ನೂ ಅವಳ ಕಣ್ಣೆದುರಿಗಿತ್ತು. "ನಿದ್ದೆ ಹೋದೆ ಸರ್," ಎಂದಳು.

ರಕ್ತ ಪರೀಕ್ಷೆಯ ಕಾಗದ ಹಿಡಿದು ಗಂಡ ಹೆಂಡತಿ ಡಾಕ್ಟರ ಎದುರು ಕೂತರು. ಡಾಕ್ಟರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು.

"ನೀವು ಮಾತ್ರೆ ತಗೊಳ್ತಿಲ್ಲ."

"ರಜೆ ದಿನ ಮಾತ್ರ ತಗೊಳ್ತಿದ್ದೆ."

ಗಂಡ ಸರಕ್ಕನೆ ಅವಳ ಕಡೆ ತಿರುಗಿದ.

"ಏನಮ್ಮ ಇದು, ಪ್ರಾಣದ ಜೊತೆ ಆಟ? ಒಗ್ಗದೆ ಇದ್ರೆ ನನ್ನ ಹತ್ರ ಬರಬೇಕಿತ್ತು," ಎಂದರು ಡಾಕ್ಟರು.

"ಬಂದಿದ್ದೆ ಡಾಕ್ಟ್ರೇ. ಗ್ಯಾಸು ಅಂದ್ರಿ."

ಡಾಕ್ಟರು ಕೈ ನೀಡಿ ಡಬ್ಬಿ ಕೇಳಿದರು. ಒಳಗೆ ಮಡಿಸಿಟ್ಟಿದ್ದ ಇರುವೆಯಕ್ಷರದ ಹಾಳೆಯನ್ನು ಬಿಡಿಸಿ, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ಓದಿದರು. ಈ ಸಲ ಹೊರಗಿನ ಬೆಂಚಿನವರು ಕಾಯಬೇಕಾಯಿತು.

"ನಿಮಗೆ ಹಾಲು ಒಗ್ಗುತ್ತಾ?"

"ಹಾಲಾ?" ಎಂದ ಗಂಡ. "ಹಾಲಿನವನು ನಮ್ಮನೆ ಮುಂದೆ ಹಾದು ಹೋದ್ರೂ ಇವಳಿಗೆ ಹೊಟ್ಟೆ ಕೆಡುತ್ತೆ."

ಡಾಕ್ಟರು ಬಿಡಿಸಿ ಹೇಳಿದರು. ಮಾತ್ರೆಯಲ್ಲಿ ಮದ್ದು ಇರುವುದು ಸೂಜಿಮೊನೆಯಷ್ಟು. ಅಷ್ಟನ್ನೇ ಕೊಟ್ಟರೆ ಕಣ್ಣಿಗೆ ಕಾಣದು, ಕೈಗೆ ಸಿಗದು. ಅದಕ್ಕೆ ಮೈ ಕೊಡಲು ಬೇರೆ ಪುಡಿ, ಅಂಟು, ಕೆಲವುಗಳಲ್ಲಿ ಬಣ್ಣ ಸೇರಿಸುತ್ತಾರೆ. ಮದ್ದು ಎಲ್ಲ ಕಂಪನಿಗೂ ಒಂದೇ, ಮೈ ಮಾತ್ರ ಒಂದೊಂದು ಕಂಪನಿಗೆ ಒಂದೊಂದು. ಈ ಕಂಪನಿಯವರು ಹಾಕಿರುವುದು ಹಾಲಿನಿಂದ ತೆಗೆದ ಸಕ್ಕರೆ. ಅವಳ ಹಳೆಯ ಮಾತ್ರೆಯಲ್ಲಿ ಅದು ಇರಲಿಲ್ಲ.

"ಇಷ್ಟು ಸ್ವಲ್ಪಕ್ಕೆ ಹಾಲು ಒಗ್ಗದವರಿಗೂ ಸಾಮಾನ್ಯವಾಗಿ ಏನೂ ಆಗಲ್ಲ. ಕೆಲವರಿಗೆ ಆಗುತ್ತೆ," ಎಂದರು. ಸ್ವಲ್ಪ ತಡೆದು, "ನಾನು ಅವತ್ತೇ ಕೇಳಬೇಕಿತ್ತು" ಎಂದರು. ಔಷಧಿ ಅಂಗಡಿಗೆ ತಾವೇ ಫೋನು ಮಾಡಿ ಹಾಲಿನ ಸಕ್ಕರೆ ಇಲ್ಲದ ಮಾತ್ರೆ ಹುಡುಕಿಸಿದರು. ಮುಂದೆ ಕಂಪನಿ ಬದಲಾದರೆ ನುಂಗುವ ಮೊದಲು ತಮಗೆ ಹೇಳಬೇಕು, ಹೇಳದೆ ಮಾತ್ರೆ ಬಿಡಲೇಬಾರದು ಎಂದು ಎರಡೆರಡು ಸಲ ಹೇಳಿದರು.

ಮನೆಗೆ ನಡೆದು ಬರುವಾಗ ಗಂಡ ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಬಂದ.

"ನನಗಾದ್ರೂ ಹೇಳಬಹುದಿತ್ತು," ಎಂದ ಕೊನೆಗೆ.

"ಹೇಳಿದ್ರೆ, ಸುಮ್ನೆ ನುಂಗು ಅಂತಿದ್ರಿ."

ಅವನು ಯೋಚಿಸಿದ. "ಅಂತಿದ್ದೆ," ಎಂದು ಒಪ್ಪಿಕೊಂಡ.

ಹೊಸ ಮಾತ್ರೆ ಹೊಟ್ಟೆಗೆ ಒಗ್ಗಿತು. ರಕ್ತ ಸರಿಹೋಗಿ, ಡಾಕ್ಟರು ಬರೆದುಕೊಟ್ಟು, ಡಿಪೋದವರು ಒಪ್ಪುವವರೆಗೆ ಅವಳು ಕಳೆದ ಸಾಮಾನಿನ ಕೌಂಟರಿನಲ್ಲಿ ಕೂತಳು. ಮರೆತುಹೋದ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು. ಚಪ್ಪಲಿ ಒಂದನ್ನೇ ಬಿಟ್ಟು ಜನ ಮನೆಗೆ ಹೇಗೆ ಹೋಗುತ್ತಾರೆ ಎಂದು ಅವಳಿಗೆ ಕೊನೆಗೂ ಅರ್ಥವಾಗಲಿಲ್ಲ. ಜೊತೆಯವರು ಬಂದು, ಕಣ್ಣು ಕತ್ತಲೆ ಅಂದಿದ್ರೆ ಮುಗೀತಿತ್ತು, ಯಾಕಕ್ಕಾ ಬಾಯಿ ಬಿಟ್ಟೆ ಎನ್ನುತ್ತಿದ್ದರು. "ನಿಮ್ಮ ಮಕ್ಕಳು ದಾಟ್ತಿದ್ರೆ ಏನಂತಿದ್ರಿ?" ಎಂದು ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದರು. ರಾತ್ರಿ ಗಂಡನ ಎದುರು ಮಾತ್ರ, ಸ್ಟೇರಿಂಗು ಕೊಡದೆ ಹೋದರೆ ಏನು ಗತಿ ಎಂದು ಅತ್ತಳು.

ಕೊಟ್ಟರು. ಮ್ಯಾನೇಜರು ಒಂದು ದಿನ ಪಕ್ಕದಲ್ಲಿ ಕೂತು ಊರೆಲ್ಲ ಸುತ್ತಿಸಿ, "ಕೈ ಹಾಗೇ ಇದೆ" ಎಂದು ಸಹಿ ಹಾಕಿದರು. ಮರುದಿನ ಹಳೆಯ ರೂಟಿಗೇ ಹೊರಟಳು. ಹೊಟ್ಟೆ ತಣ್ಣಗೆ, ತಲೆ ತಿಳಿ, ಸ್ಟೇರಿಂಗು ಕೈಗೆ ಹತ್ತಿದ ಸಂತೋಷಕ್ಕೆ ಬಾಯಲ್ಲಿ ಯಾವುದೋ ಹಾಡು.

ಶಾಲೆ ಬಿಟ್ಟ ಹೊತ್ತಿಗೆ ಆ ಸ್ಟಾಪಿಗೆ ಬಂದಾಗ ಹೊಲಿಗೆ ಟೀಚರು ನಿಂತಿದ್ದರು. ಬಸ್ಸು ಅವರ ಎದುರಿಗೇ ಬಂದು ನಿಂತಿತು. ಬಾಗಿಲು ತೆರೆಯಿತು.

"ಹುಷಾರಾದ್ರಾ?" ಎಂದರು ಟೀಚರು.

"ಪೂರ್ತಿ ಹುಷಾರಾದೆ ಟೀಚರ್. ಬನ್ನಿ, ಹತ್ತಿ."

ಟೀಚರು ನಕ್ಕರು. ಆದರೆ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಅಕ್ಕಪಕ್ಕದಿಂದ ಜನ ಅವರನ್ನು ಸವರಿಕೊಂಡು ಹತ್ತಿದರು. ಅವರು ಚೀಲವನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದರು.

"ನೀವು ಹೊರಡಿ," ಎಂದರು. "ನಾನು ಹಿಂದೆ ಬರೋದ್ರಲ್ಲಿ ಬರ್ತೀನಿ."

ಮ್ಯಾನೇಜರು ಕೆಳಗಿಳಿಸಿದಾಗಲೂ ಬೆಣ್ಣೆಯಕ್ಕನಿಗೆ ಇಷ್ಟು ನೋವಾಗಿರಲಿಲ್ಲ. ಮಾತ್ರೆಯ ಕಥೆಯನ್ನೆಲ್ಲ ಅಲ್ಲೇ ಹೇಳಿಬಿಡಬೇಕು, ಇನ್ನು ಹಾಗೆ ಯಾವತ್ತೂ ಆಗುವುದಿಲ್ಲ ಎನ್ನಬೇಕು ಎನಿಸಿತು. ಆದರೆ ಅವತ್ತು ಬಸ್ಸಿನಲ್ಲಿದ್ದವರಲ್ಲಿ ಅವಳು ಸ್ಟೇರಿಂಗಿನ ಮೇಲೆ ತಲೆ ಬಾಗಿಸಿ ಮಲಗಿದ್ದನ್ನು, ಎದುರಿಗೆ ಮಕ್ಕಳು ದಾಟುತ್ತಿದ್ದದ್ದನ್ನು, ಎರಡನ್ನೂ ಒಟ್ಟಿಗೆ ನೋಡಿದವರು ಈ ಟೀಚರು ಒಬ್ಬರೇ.

"ಆಗಲಿ ಟೀಚರ್," ಎಂದು ಬಾಗಿಲು ಮುಚ್ಚಿದಳು. ಅವರ ಜಾಗದಲ್ಲಿ ತಾನಿದ್ದರೂ ಹತ್ತುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.