ಕೂತವಳಿಗೆ ಎಟುಕದ ಮೇಜು

ನನ್ನ ಮೊಮ್ಮಗಳು ವೀಲ್‌ಚೇರಿನಲ್ಲಿ ಕೂತೇ ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಮೇಜು ಅವಳಿಗೆ ಎಟುಕುವುದಿಲ್ಲ. "ಸುಮ್ಮನೆ ಕೂತಿರಮ್ಮ, ಮಾರ್ಕ್ಸ್ ಹಾಕ್ತೀನಿ" ಅಂದರಂತೆ ಮೇಷ್ಟ್ರು. ಕೆಲಸ ಕಲಿಯದೆ ಪಾಸಾಗುವುದು ಅವಳಿಗೆ ಬೇಡ.

ಇಂಥ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಕೋಡಿಹಳ್ಳಿಯ ನಮ್ಮ ಮನೆಗೇ ಬಂದರು.

"ನಿನ್ನನ್ನ ನೀನು ಏನಂತ ಗುರುತಿಸ್ಕೋತೀಯ?" ಎಂದು ಅವಳನ್ನು ಕೇಳಿದರು.

"ಕೆಲಸ ಕೊಡದೆ ಕೂರ್ಸಿರೋ ಇಂಜಿನಿಯರ್" ಅಂದಳು.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಒಲೆ ಇಡುವ ಮೇಜಿನ ಕಾಲು ಕೊಯ್ಯಿಸಿದ ಮೇಲೆ ಮುದ್ದೆ ತಿರುವುವವಳು ಅವಳೇ. "ಆ ಮೇಜಿನ ಕಾಲೂ ಒಸಿ ಕುಯ್ಸಕ್ಕೆ ಏನವ್ವ ರೋಗ ಅವ್ರಿಗೆ?" ಅಂದೆ.

"ನಾನೂ ಕಾಲೇಜಿನವ್ರಿಗೆ ಬರೆದು ಕೊಡ್ತಾನೇ ಇದೀನಿ ಅಜ್ಜಿ" ಅಂದರು ಮೇಡಂ.

"ಬರ್ದಿದ್ದು ಸಾಕು ಕಣವ್ವ. ಗರಗಸ ಐತೆ, ತಕ್ಕಂಡೋಗು."

ಮೇಡಂ ನಕ್ಕರು. ಮೊಮ್ಮಗಳು ನಗದೆ, "ನಿಜವಾಗ್ಲೂ ತಗೊಂಡೋಗಿ ಮೇಡಂ" ಅಂದಳು.