ಕೆಮ್ಮಿ ಹೊರಡುವ ವೇದಾಂತಿ

ಹೋದ ಶುಕ್ರವಾರ ಕಮಲಾಪುರದಲ್ಲಿ ನಾನು ಒಂದೇ ಒಂದು ಸಲ ಕೆಮ್ಮಿದೆ. ಹನ್ನೊಂದು ವರ್ಷದ ನನ್ನ ಸಾಧನೆ ಅಲ್ಲೇ ಮಣ್ಣುಪಾಲಾಯಿತು.

ನಗಬೇಡಿ. ಹೇಳುತ್ತೇನೆ.

ನಾನು ತತ್ವಪದ ಹಾಡುವವನು ಎಂಬುದು ನಿಮಗೆಲ್ಲ ಗೊತ್ತು. (ವಾರ ಬಿಟ್ಟು ವಾರ ನಾನೇ ಹೇಳಿಕೊಂಡಿದ್ದೇನಲ್ಲ!) ನಿಜಾಮ ಸರಕಾರದ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಮುನ್ಶಿ. ರಜೆಯ ದಿನ ಶಹಾಬಜಾರದ ನಮ್ಮ ಪಡಸಾಲೆಯಲ್ಲಿ ವೇದಾಂತಿ. ಶಿವನ ಭಜನೆ ಸೋಮವಾರ ಆಗಬೇಕಿತ್ತು, ನಿಜ. ಆದರೆ ಸರಕಾರ ರಜೆ ಕೊಡುವುದು ಶುಕ್ರವಾರ. ಶಿವ ಹೊಂದಿಕೊಂಡಿದ್ದಾನೆ.

ಕಮಲಾಪುರದ ಅಜ್ಜಾರು ನನ್ನ ಗುರುಗಳು. ಅವರಿಂದ ಉಪದೇಶ ಪಡೆದಾಗಿನಿಂದ ಜಾತಿ ಇಲ್ಲ, ಸೂತಕ ಇಲ್ಲ, ಶಕುನ ಇಲ್ಲ, ಎದುರಿಗೆ ಬಂದದ್ದೆಲ್ಲ ಗುರುವೇ ಎಂದು ಕಣ್ಣು ಮುಚ್ಚಿ ಹಾಡುತ್ತೇನೆ. ಕೇಳುವವರೂ ಕಣ್ಣು ಮುಚ್ಚುತ್ತಾರೆ. (ಕೆಲವರು ನಿದ್ದೆಗೆ.)

ಈಗ ಕೆಮ್ಮಿನ ಸಮಾಚಾರ.

ನಮ್ಮ ಮನೆಯಲ್ಲಿ ನನ್ನ ಅಕ್ಕ ಗಂಗವ್ವ ಇದ್ದಾಳೆ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಎತ್ತಿ ಆಡಿಸಿದವಳು. ನಾನು ಕಚೇರಿಗೆ ಹೊರಡುವ ಮೊದಲು ಪಡಸಾಲೆಯಲ್ಲಿ ನಿಂತು ಕೆಮ್ಮುತ್ತೇನೆ. ಆಕೆ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಾಳೆ. ಆಮೇಲೆ ನನ್ನ ಹೆಂಡತಿ ತುಂಬಿದ ಕೊಡ ಹಿಡಿದು ಎದುರಿಗೆ ಬರುತ್ತಾಳೆ. ನಾನು ಹೊಸ್ತಿಲು ದಾಟುತ್ತೇನೆ.

ಒಳಗೆ ಹೋಗು ಎಂದು ಅಕ್ಕನಿಗೆ ನಾನು ಒಂದು ದಿನವೂ ಹೇಳಿದವನಲ್ಲ. ಹಾಗೆ ಹೇಳಲು ನಾನೇನು ಮೂಢನಂಬಿಕೆಯವನೇ? ಬರೀ ಕೆಮ್ಮಿದ್ದೇನೆ, ಅಷ್ಟೇ.

ಹೋದ ವಾರ ಗಾಜಿಪುರದ ಖಾಸಿಂಸಾಬರು ಸುದ್ದಿ ತಂದರು. ನಮ್ಮ ಭಜನೆಗೆ ತಾಳ ಹಾಕುವವರು ಅವರೇ. “ತಂತಿ ಮೀಟಾಕ ಅಜ್ಜಾರ ಕೈಬೆರಳು ಈಗ ಆಡವಲ್ಲವಂತ ಮುನ್ಶೀಜಿ. ಈ ಶುಕ್ರವಾರ ತಮ್ಮ ಏಕತಾರಿ ಯಾರಿಗರ ಕೊಟ್ಟು ಬಿಡ್ತಾರಂತ್ರೀ.”

ಅಜ್ಜಾರ ಏಕತಾರಿ ಎಂದರೆ ಸುಮ್ಮನೆಯೇ? ಅದನ್ನು ಹಿಡಿದವರೇ ಮುಂದೆ ಭಜನೆ ನಡೆಸುವವರು. ‘ಯಾರಿಗರ’ ಅಂದರೆ ಇನ್ನಾರಿಗೆ? ನನಗೇ. ಅವತ್ತೇ ಕೋಟು ಒಗೆಯಲು ಹಾಕಿದೆ.

ಹೆಂಡತಿ ತವರಿಗೆ ಹೋಗಿದ್ದಳು. ಕಮಲಾಪುರಕ್ಕೆ ಬಂದ ಭಕ್ತರಿಗೆ ರೊಟ್ಟಿ ಬಡಿಯಲು ನಮ್ಮ ಮನೆಯಿಂದಲೂ ಒಬ್ಬರು ಬೇಕಿತ್ತು. ಅಕ್ಕನೇ ಹೊರಟಳು. ಆದರೆ ಇಂಥ ಶುಭಕಾರ್ಯಕ್ಕೆ ಹೊರಡುವಾಗ ಆಕೆ ಎದುರಾದರೆ? ಅದನ್ನೂ ಆಕೆಯೇ ಬಗೆಹರಿಸಿದಳು. ಮೊದಲೇ ಹಿತ್ತಲ ಬಾಗಿಲಿಂದ ಹೊರಬಿದ್ದು, ಬೇರೆ ಓಣಿ ಹಿಡಿದು ಮೋಟಾರು ನಿಲ್ಲುವಲ್ಲಿ ಹೋಗಿ ನಿಂತಳು. ಆಮೇಲೆ ಕಮಲಾಪುರದವರೆಗೂ ನಾವು ಒಂದೇ ಸೀಟಿನಲ್ಲಿ ಕೂತು ಬಂದೆವು. ಎದುರು ಬಂದರೆ ಅಪಶಕುನ, ಪಕ್ಕದಲ್ಲಿ ಕೂತರೆ ಅಲ್ಲ. ಇದು ಯಾವ ಶಾಸ್ತ್ರದಲ್ಲಿದೆ ಎಂದು ದಯವಿಟ್ಟು ಕೇಳಬೇಡಿ.

ಅಜ್ಜಾರ ಮುಂದೆ ಹಾಡಲು ಕೂತೆ. ‘ಎದುರಿಗೆ ಬಂದದ್ದೆಲ್ಲ ಗುರುವೇ’ ಎಂಬ ಪದವನ್ನೇ ಎತ್ತಿಕೊಂಡೆ. ಎರಡು ನುಡಿ ಸರಾಗ. ಮೂರನೆಯ ನುಡಿ ಮರೆತೇ ಹೋಯಿತು. ಖಾಸಿಂಸಾಬರು ತಾಳ ಹಾಕುತ್ತಲೇ ಇದ್ದಾರೆ, ನಾನು ತಲೆ ಆಡಿಸುತ್ತಲೇ ಇದ್ದೇನೆ, ಪದ ಮಾತ್ರ ಇಲ್ಲ.

ಆಗ ಅಡುಗೆಮನೆಯಿಂದ ಮುಂದಿನ ಸಾಲು ಬಂತು. ಅಕ್ಕನ ದನಿ!

“ಯಾರವ್ವಾ ಹಾಡಾಕಿ? ಈಚಿ ಬಾ. ಇಲ್ಲಿ ಕುಂದ್ರು,” ಅಂದರು ಅಜ್ಜಾರು.

“ರೊಟ್ಟಿ ಹೊತ್ತತಾವ್ರೀ ಅಜ್ಜಾ.”

“ಹೊತ್ತಲಿ ಬಿಡು.”

ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ನನ್ನ ಎದುರಿಗೆ ಕೂತು ಹಾಡಿದಳು. ಬಾಗಿಲ ಹಿಂದೆ ಹನ್ನೊಂದು ವರ್ಷ ಕೇಳಿ ಕಲಿತದ್ದು. ಮೊದಮೊದಲು ಹಾಡಿ, ಆಮೇಲೆ ಕಷ್ಟವೆಂದು ನಾನು ಎಷ್ಟೋ ವರ್ಷದಿಂದ ಹಾರಿಸುತ್ತಿದ್ದ ನುಡಿಯೂ ಆಕೆಗೆ ಬರುತ್ತಿತ್ತು. ಅಜ್ಜಾರ ಕಣ್ಣು ತುಂಬಿತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ನಾನೂ ಇಲ್ಲಿದ್ದೇನೆ ಎಂದು ಅಜ್ಜಾರಿಗೆ ನೆನಪಾಗಲಿ, ಪಲ್ಲವಿಗೆ ದನಿಗೂಡಿಸೋಣ ಎಂದು ಗಂಟಲು ಸರಿಮಾಡಿಕೊಂಡೆ.

ಕೆಮ್ಮಿದೆ.

ಅಕ್ಕ ಅರ್ಧ ಸಾಲಿಗೆ ಹಾಡು ನಿಲ್ಲಿಸಿದಳು. ಸೆರಗು ಎಳೆದುಕೊಂಡು ಎದ್ದಳು. ಹೋಗಿ ಬಾಗಿಲ ಹಿಂದೆ ನಿಂತಳು.

ತಾಳ ನಿಂತಿತು. “ಯಾಕವ್ವಾ, ನಡುವ ಎದ್ದು ಹೋದಿ?” ಅಜ್ಜಾರು ಕೇಳಿದರು.

“ಏನಿಲ್ರೀ,” ಬಾಗಿಲ ಹಿಂದಿನಿಂದ ಅಕ್ಕ ಹೇಳಿದಳು, “ತಮ್ಮ ಹೊಂಟಾನಂತ ತಿಳ್ಕೊಂಡೆ.”

ಅಜ್ಜಾರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ಅಷ್ಟೂ ಜನರ ನಡುವೆ ನಾನೇ ಬಿಡಿಸಿ ಹೇಳಬೇಕಾಯಿತು. ನಾಚಿಕೆಯಿಂದ ಸತ್ತುಹೋದೆ. ಖಾಸಿಂಸಾಬರು ತಾಳಗಳನ್ನು ಒರೆಸುತ್ತ ಕೂತರು, ಪುಣ್ಯಾತ್ಮ ನನ್ನ ಮುಖ ನೋಡಲಿಲ್ಲ.

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಊರಿಗೆಲ್ಲ ಕೇಳೂಹಂಗ ಹಾಡ್ದಿ. ನೀ ಒಬ್ಬಾಂವ ಕೇಳಿಲ್ಲ ನೋಡಪ್ಪಾ,” ಅಂದರು. ಅಕ್ಕನನ್ನು ಕರೆದು ಏಕತಾರಿಯನ್ನು ಆಕೆಯ ಕೈಗೆ ಕೊಟ್ಟರು. ಆಕೆ ಬೇಡ ಬೇಡ ಎಂದು ಅತ್ತಳು. ಅವರು ಬಿಡಲಿಲ್ಲ. ನನಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಸಿಕ್ಕಿತು.

ಬುದ್ಧಿ ಬಂತೇ ಎಂದು ಕೇಳುತ್ತೀರಿ. ಮರುದಿನ ಕೆಮ್ಮದೆ, ಅಕ್ಕನ ಮುಖ ನೋಡಿಕೊಂಡೇ ಕಚೇರಿಗೆ ಹೋದೆ. ಹೋದ ಕೂಡಲೇ ಸಾಹೇಬರು ಬೈದರು. ಥಟ್ಟನೆ ನೆನಪಾದದ್ದು ಅಕ್ಕನ ಮುಖ. (ಸಾಹೇಬರು ದಿನಾ ಬೈಯುತ್ತಾರೆ. ತುಂಬಿದ ಕೊಡ ನೋಡಿ ಹೋದ ದಿನವೂ ಬೈದಿದ್ದಾರೆ. ಅದು ಮಾತ್ರ ಊಟದ ಹೊತ್ತಿಗೆ ನೆನಪಾಯಿತು.)

ಇವತ್ತು ಬೆಳಿಗ್ಗೆ ನನಗೆ ನಿಜವಾಗಿಯೂ ನೆಗಡಿ. ಕಚೇರಿಗೆ ಹೊರಟು ನಿಂತಿದ್ದೇನೆ, ಗಂಟಲು ತುರಿಸುತ್ತಿದೆ. ಕೆಮ್ಮಲು ಧೈರ್ಯವಿಲ್ಲ. ತಡೆದು ತಡೆದು ಕಣ್ಣಲ್ಲಿ ನೀರು ಬಂತು. ಬಾಗಿಲ ಎದುರಿಗೇ ಕೂತು ಅಕ್ಕ ಏಕತಾರಿಯ ತಂತಿ ಬಿಗಿ ಮಾಡುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಕೆಮ್ಮೋ ತಮ್ಮಾ,” ಅಂದಳು. “ನಾ ಏನ್ ಏಳಂಗಿಲ್ಲ.”