ಅಜ್ಜಿಗೂ ತಾಯಿ ಕಾರ್ಡು

ಬೈಲಹೊಂಗಲದ ನನ್ನ ಚರ್ಮದ ದವಾಖಾನೆಗೆ ಸಿರಸಂಗಿಯಿಂದ ಬಂದ ಅಜ್ಜಿ ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಕುಳಿತಿದ್ದರು. ತೆಗೆಸಿ ನೋಡಿದರೆ ಅಂಗೈಯಂಚಿನಲ್ಲಿ ಬೋರೆಹಣ್ಣಿನಷ್ಟು ದೊಡ್ಡ ನರಹುಲಿ, ಸುತ್ತ ನಾಲ್ಕೈದು ಮರಿಗಳು.

"ಕುದರಿ ಕೂದಲಾ ಕಟ್ಟಿದ್ನಿ, ಹೋಗಲಿಲ್ಲ. ನಾ ಬಡದ ರೊಟ್ಟಿ ಮನ್ಯಾಗ ಯಾರೂ ಮುಟ್ಟಂಗಿಲ್ಲ. ಕೊಯ್ಯಬ್ಯಾಡ್ರಿ ಮತ್ತ, ಸಕ್ರಿ ಬ್ಯಾನಿ ಐತಿ."

"ಕೊಯ್ಯಂಗಿಲ್ಲ ಅಜ್ಜಿ. ಕೂಸುಗಳಿಗೆ ಹಾಕೋ ದಡಾರದ ಲಸಿಕಿ ದೊಡ್ಡದರಾಗ ಚುಚ್ಚತೇನಿ. ಅದರಿಂದ ಮೈಯಾಗಿನ ರೋಗ ತಡಿಯೋ ಶಕ್ತಿ ಎಚ್ಚರಾದ್ರ ಮರಿಗಳೂ ಹೋಗತಾವ."

"ಎಪ್ಪತ್ತ ವರ್ಷದಾಕಿಗೆ ಕೂಸಿನ ಸೂಜಿ? ಚಾಷ್ಟಿ ಮಾಡತೀರೇನ್ರಿ?" ಎಂದರು. ಆದರೂ ಕೈ ಚಾಚಿದರು.

ಕೆಲವು ವಾರಗಳ ಮೇಲೆ, ಮೂರನೆಯ ಸೂಜಿಗೆ ಬಂದಾಗ ಮರಿಗಳು ಮಾಯವಾಗಿದ್ದವು. ದೊಡ್ಡದು ಕಡಲೆಕಾಳಿನಷ್ಟಾಗಿತ್ತು. ಸೂಜಿ ಹಾಕಿಸಿಕೊಂಡ ಅಜ್ಜಿ ಅರಿವೆಯಲ್ಲಿ ಕಟ್ಟಿ ತಂದ ಜೋಳದ ರೊಟ್ಟಿಯನ್ನು ನನ್ನ ಮುಂದಿಟ್ಟರು.

"ಮನ್ಯಾಗ ಎಲ್ಲಾರೂ ತಿಂದಾರ. ನೀವೂ ತಿನ್ರಿ."

ನಾನು ಮುರಿದು ಬಾಯಿಗಿಟ್ಟುಕೊಳ್ಳುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ಚೀಲದಿಂದ ಸೊಸೆಯ ತಾಯಿ ಕಾರ್ಡು ತೆಗೆದು, ಮೊಮ್ಮಗಳ ಲಸಿಕೆಗಳನ್ನು ಬರೆದಿದ್ದ ಪುಟ ಬಿಚ್ಚಿದರು.

"ಇದರಾಗ ನಂದೂ ಮೂರು ಸೂಜಿ ಬರದ ಬಿಡ್ರಿ ಡಾಕ್ಟರಬಾಯಾರ. ಆಶಾ ಕಾರ್ಯಕರ್ತಿ ಮನಿಗೆ ಬಂದಾಗ ತೋರಸ್ತೇನಿ."

ಇದು ಬಸುರಿ ಬಾಣಂತಿಯರ ಕಾರ್ಡು ಎಂದು ಹೇಳಬೇಕಿತ್ತು. ಬಾಯ್ತುಂಬ ಅವರದೇ ರೊಟ್ಟಿ, ಸುಮ್ಮನೆ ಬರೆದುಕೊಟ್ಟೆ.